ಮನೆಯೊಳಗಿನ ಒಂದನೇ ಇಯತ್ತೆ

ಆರು ತುಂಬಿದ ಮಗುವಿಗೆ ಮೊದಲ ವರ್ಷ ಏನು ಕಲಿಸಬೇಕು, ಯಾವ ಪುಸ್ತಕ ಹಿಡಿಸಬೇಕು, ಅದನ್ನು ಗೊತ್ತುಮಾಡುವವರು ಯಾರು? ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ಪ್ರಶ್ನೆ ಏಳುತ್ತದೆ. ರಾಜ್ಯ ಮಂಡಳಿಯೋ ಸಿಬಿಎಸ್‌ಇಯೋ, ಮರಾಠಿ ಮಾಧ್ಯಮವೋ ಇಂಗ್ಲಿಷೋ ಎಂಬಲ್ಲಿಗೆ ಸಾಮಾನ್ಯವಾಗಿ ಮಾತು ಮುಗಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳು ಮನೆಯಲ್ಲೇ ಕೂತು ಪಾಠ ಕೇಳಿದ ಮೇಲೆ, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿದರೆ ಹೇಗೆ ಎಂಬ ಯೋಚನೆಯೂ ಕೆಲವರಿಗೆ ಬಂದಿದೆ. ಅದು ಅಮೆರಿಕದಿಂದ ಬಂದ ಹೊಸ ರೂಢಿ ಎಂದು ಮೆಚ್ಚುವವರೂ ಇದ್ದಾರೆ, ಅದೇ ಕಾರಣಕ್ಕೆ ಬಯ್ಯುವವರೂ ಇದ್ದಾರೆ. ಇಬ್ಬರ ಮಾತೂ ಚರಿತ್ರೆಗೆ ಹೊಂದುವುದಿಲ್ಲ. ಮೊದಲ ಪಾಠವನ್ನು ಆರಿಸುವ ಕೆಲಸ ನಮ್ಮಲ್ಲಿ ಬಹುಕಾಲ ಮನೆಯದ್ದೇ ಆಗಿತ್ತು. ಮನೆ ಆ ಕೆಲಸವನ್ನು ಪೂರ್ತಿಯಾಗಿ ಬೇರೆಯವರಿಗೆ ಬಿಟ್ಟುಕೊಟ್ಟಾಗ ಮೊದಲು ಕೈತಪ್ಪಿದ್ದು ಮನೆಮಾತು. ಮಗು ಶಾಲೆಗೆ ಹೋಗಲಿ, ಹೋಗದಿರಲಿ, ಮುಂಬಯಿಯ ಆಚೆಯ ಈ ಊರುಗಳಲ್ಲಿ ಕನ್ನಡದ ಒಂದನೇ ಇಯತ್ತೆಯನ್ನು ಮನೆಯೇ ನಡೆಸಬೇಕು, ಅದರ ಪಠ್ಯವನ್ನು ಮನೆಯೇ ಆರಿಸಬೇಕು ಎಂಬುದು ನನ್ನ ವಾದ.

ಎರಡು ಶತಮಾನದ ಹಿಂದಿನ ಒಂದು ದಾಖಲೆಯಿಂದ ಹೊರಡೋಣ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತಮ್ಮ ಪ್ರಾಂತದ ಎಲ್ಲ ಜಿಲ್ಲೆಗಳಿಂದ ನಾಡಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಬರೀ ಲೆಕ್ಕವಾಗಿರಲಿಲ್ಲ, ಆ ಕಾಲದ ಕನ್ನಡ ಮಗುವಿನ ಓದಿನ ಚಿತ್ರವೇ ಆಗಿತ್ತು. ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು. ಮಗುವಿಗೆ ಐದು ವರ್ಷ ತುಂಬಿದಾಗ ಮಗು ಶಾಲೆಗೆ ಹೋಗುತ್ತಿರಲಿಲ್ಲ, ಶಾಲೆಯೇ ಮನೆಗೆ ಬರುತ್ತಿತ್ತು. ಪಂತೋಜಿಯನ್ನೂ ಅವರ ಶಿಷ್ಯರೆಲ್ಲರನ್ನೂ ತಂದೆತಾಯಿ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕೂತು, ಪಂತೋಜಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸಿ, ದಕ್ಷಿಣೆ ಪಡೆದು ಹೋಗುತ್ತಿದ್ದರು. ಮರುದಿನ ಬೆಳಗ್ಗೆಯಿಂದ ಶಾಲೆ. ಅಲ್ಲಿ ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಆಮೇಲೆ ಹಲಗೆ ಇಲ್ಲವೇ ಕಡತ. ಕಡತವೆಂದರೆ ಗಂಜಿ ಮತ್ತು ಇದ್ದಲಿಪುಡಿ ಬಳಿದು ಗಟ್ಟಿ ಮಾಡಿದ, ಪುಸ್ತಕದಂತೆ ಮಡಚುವ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದರು. ಮರಳಿನಲ್ಲಿ ಬರೆಯುವ ಮಗುವಿಗೆ ತಿಂಗಳಿಗೆ ಕಾಲು ರೂಪಾಯಿ, ಕಾಗದಕ್ಕೆ ಏರಿದವನಿಗೆ ಅರ್ಧ ರೂಪಾಯಿ ಶುಲ್ಕ. ಮೇಲಿನವರು ಕೆಳಗಿನವರಿಗೆ ಹೇಳಿಕೊಡುವ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದರು, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಸರಿಯೇ ಎಂದರು. ಅರ್ಥವಾಗದ ಹಳೆಯ ಭಾಷೆಯ ಪದ್ಯಗಳನ್ನು ಮಕ್ಕಳು ಗಿಳಿಯಂತೆ ಒಪ್ಪಿಸುವುದನ್ನು ಅಷ್ಟೇ ಕಟುವಾಗಿ ಟೀಕಿಸಿದರು.

ಆ ವರದಿಯಲ್ಲಿ ನಮ್ಮ ವಿಷಯಕ್ಕೆ ಹೆಚ್ಚು ಬೇಕಾದದ್ದು ಪುಸ್ತಕಗಳ ಪಟ್ಟಿ. ರಾಮಾಯಣ, ಭಾರತ, ಭಾಗವತ ಎಲ್ಲರಿಗೂ ಸಾಮಾನ್ಯ. ಆದರೆ ಲಿಂಗವಂತರ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರು, ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮಪುರಾಣವನ್ನು. ಒಂದೇ ಜಗಲಿ, ಒಬ್ಬರೇ ಪಂತೋಜಿ ಇದ್ದರೂ ಪುಸ್ತಕ ಮನೆಯಿಂದ ಮನೆಗೆ ಬೇರೆ. ಪಠ್ಯಕ್ರಮ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ ಪಠ್ಯದ ಆಯ್ಕೆ ಕುಟುಂಬದ ಕೈಯಲ್ಲಿತ್ತು, ಪಂತೋಜಿ ಅದನ್ನು ನಡೆಸಿಕೊಡುತ್ತಿದ್ದರು. ಅದೇ ಸಮೀಕ್ಷೆಯಲ್ಲಿ ಮದರಾಸು ಪಟ್ಟಣದ ಲೆಕ್ಕ ಇನ್ನೂ ಅಚ್ಚರಿಯದು: ಶಾಲೆಗೆ ಹೋಗುವವರು ಐದೂವರೆ ಸಾವಿರದಷ್ಟಾದರೆ, ಮನೆಯಲ್ಲೇ ಕಲಿಯುವವರು 26,000 ಮೀರಿದ್ದರು. ಈ ಸಂಖ್ಯೆ ಹೆಚ್ಚಾಯಿತೆಂದು ಮನ್ರೋ ಅವರಿಗೇ ಅನುಮಾನ ಬಂದಿತ್ತು. ಆ ಅನುಮಾನವನ್ನು ಒಪ್ಪಿ ಅರ್ಧಕ್ಕೆ ಇಳಿಸಿದರೂ ಮನೆಯ ಕಲಿಕೆಯೇ ಮುಂದಿರುತ್ತದೆ. ತಂದೆತಾಯಿ, ನೆಂಟರು, ಮನೆಗೆ ಬರುವ ಗುರುಗಳು ಹೇಳಿಕೊಡುವುದು ಅಂದು ವಿಚಿತ್ರವೇನೂ ಆಗಿರಲಿಲ್ಲ.

ಮುಂಬಯಿ ಪ್ರಾಂತದ ಕತೆ ಬೇರೆ ದಾರಿ ಹಿಡಿಯಿತು. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಕೊನೆಗೊಂಡಾಗ ಧಾರವಾಡ ಸೀಮೆ ಮುಂಬಯಿಗೆ ಸೇರಿತು. ಕಚೇರಿಯ ಭಾಷೆ ಮರಾಠಿಯಾಗಿದ್ದರಿಂದ ಸರಕಾರ ಅಲ್ಲಿ ತೆರೆದ ಶಾಲೆಗಳೂ ಮರಾಠಿಯಲ್ಲಿ ನಡೆದವು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮೊದಲ ಅಕ್ಷರವನ್ನು ಬೇರೆ ಲಿಪಿಯಲ್ಲಿ ತಿದ್ದಿತು. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಸ್ವಂತ ಹಣದಿಂದ ಕನ್ನಡ ಶಾಲೆಯೊಂದನ್ನು ನಡೆಸಬೇಕಾಯಿತು. ಆಮೇಲೆ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ಸುತ್ತಿ ಕನ್ನಡ ಶಾಲೆಗಳನ್ನು ಬೆಳೆಸಿದರು, 1881ರಲ್ಲಿ ತೀರಿಕೊಳ್ಳುವವರೆಗೆ ಅದೇ ಅವರ ದುಡಿಮೆಯಾಗಿತ್ತು. ಅವರಿಗೆ ಎದುರಾದ ದೊಡ್ಡ ಅಡ್ಡಿ ಸರಕಾರದ ಹಟ ಮಾತ್ರ ಆಗಿರಲಿಲ್ಲ. ಕನ್ನಡ ಕಲಿತರೆ ನೌಕರಿ ಎಲ್ಲಿ ಎಂದು ಕೇಳುವ ತಂದೆತಾಯಿಯರೂ ಅಡ್ಡಿಯೇ. ಆ ಪ್ರಶ್ನೆಯ ಹಿಂದೆ ಇಂದು ಡೊಂಬಿವಲಿಯಲ್ಲಿ ಮರಾಠಿಯ ಜಾಗಕ್ಕೆ ಇಂಗ್ಲಿಷ್ ಬಂದು ಕೂತಿದೆ, ಉಳಿದಂತೆ ಪ್ರಶ್ನೆ ಒಂದಕ್ಷರವೂ ಬದಲಾಗಿಲ್ಲ. ಮೊದಲ ಪುಸ್ತಕವನ್ನು ಕಚೇರಿಯ ಬಾಗಿಲು ನೋಡಿ ಆರಿಸುವ ಅಭ್ಯಾಸ ನಮ್ಮಲ್ಲಿ ಬೇರುಬಿಟ್ಟದ್ದು ಆ ಕಾಲದಲ್ಲಿ.

ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಆ ಹಳಿಯ ಉದ್ದಕ್ಕೂ ಕನ್ನಡ ಮನೆಗಳು ನೆಲೆಯೂರಲು ಇನ್ನೂ ಒಂದು ಶತಮಾನ ಬೇಕಾಯಿತು. ಕರಾವಳಿಯಿಂದ ಮುಂಬಯಿಗೆ ಬಂದ ಮೊದಲ ತಲೆಮಾರಿನವರಲ್ಲಿ ಮನೆಯನ್ನು ಊರಲ್ಲೇ ಬಿಟ್ಟು ಬಂದ ಹುಡುಗರೇ ಬಹಳ. ಹಗಲು ಹೋಟೆಲಿನಲ್ಲಿ ದುಡಿದು ಅಲ್ಲೇ ಮಲಗುವವರಿಗೆ ಹೇಳಿಕೊಡುವ ತಾಯಿಯೂ ಇಲ್ಲ, ಹಗಲಿನ ಶಾಲೆಯೂ ಇಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ರಾತ್ರಿಶಾಲೆ ತೆರೆದದ್ದು ಇಂಥವರಿಗಾಗಿ. ಬಳ್ಳಾರಿಯ ಪಂತೋಜಿ ಮನೆಗೆ ಬಂದ ಹಾಗೆ ಮುಂಬಯಿಯ ರಾತ್ರಿಶಾಲೆ ದುಡಿಮೆಯ ಹೊತ್ತಿಗೆ ತನ್ನನ್ನು ಹೊಂದಿಸಿಕೊಂಡಿತು. ಸಮುದಾಯ ತನ್ನ ಮಕ್ಕಳ ಸ್ಥಿತಿ ನೋಡಿ ಶಾಲೆಯ ಆಕಾರವನ್ನೇ ಬದಲಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಮುಂದೆ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳು ಬಂದವು, ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಬಂತು. ಚಾಳಿನ ಕೋಣೆ ಸಾಲದೆ ಸಂಸಾರಗಳು ಥಾಣೆ, ಡೊಂಬಿವಲಿ, ಕಲ್ಯಾಣಿಗೆ ಸರಿದಾಗ, 1970ರಲ್ಲಿ ಹುಟ್ಟಿದ ಸಿಡ್ಕೊ ಖಾರಿಯ ಆಚೆ ಹೊಸ ನಗರ ಕಟ್ಟತೊಡಗಿದ ಮೇಲೆ ವಾಶಿ, ನೆರೂಳ್ ಕಡೆ ಹೊರಟಾಗ ಒಂದು ಗೆರೆ ದಾಟಿದಂತಾಯಿತು. ಮಹಾನಗರಪಾಲಿಕೆಯ ಗಡಿ ಈ ಹಳಿಯ ಮೇಲೆ ಮುಲುಂಡಿಗೆ ಮುಗಿಯುತ್ತದೆ. ಅದರ ಕನ್ನಡ ಶಾಲೆಗಳು ಗಡಿಯ ಒಳಗೇ ಉಳಿದವು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆ, ಕಾಲೇಜು ಕಟ್ಟಿದ್ದು ಆ ಕೊರತೆಯ ಅರಿವಿನಿಂದಲೇ ಇರಬೇಕು. ಆದರೂ ಇಷ್ಟು ಹರಡಿದ ಊರುಗಳಲ್ಲಿ ಪ್ರತಿ ಕನ್ನಡ ಮಗುವಿಗೂ ನಡೆದು ಹೋಗುವಷ್ಟು ಹತ್ತಿರ ಕನ್ನಡ ಶಾಲೆ ಸಿಗುವಂತಿಲ್ಲ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕಡೆಯ ಮಗುವಿಗೆ ಬೀದಿಯಲ್ಲೂ ಕನ್ನಡ ಕೇಳುತ್ತದೆ. ಕಲ್ಯಾಣಿನ ಮಗುವಿಗೆ ಅದು ಬಾಗಿಲು ಮುಚ್ಚಿದ ಮೇಲೆ ಕೇಳುವ ಭಾಷೆ.

ಇಲ್ಲಿಗೆ ಬಲವಾದ ಒಂದು ಆಕ್ಷೇಪ ಎದುರಾಗುತ್ತದೆ, ಅದನ್ನು ತೇಲಿಸಿ ಬಿಡುವಂತಿಲ್ಲ. ಮನೆಯ ಕಲಿಕೆಯ ಚರಿತ್ರೆ ಎಂದರೆ ಯಾರ ಮನೆಯಲ್ಲಿ ಅಕ್ಷರವಿತ್ತೋ ಅವರ ಚರಿತ್ರೆ. ಬಳ್ಳಾರಿಯ 533 ಶಾಲೆಗಳಲ್ಲಿ ಓದುತ್ತಿದ್ದ 6,641 ಮಕ್ಕಳಲ್ಲಿ ಹುಡುಗಿಯರು 60 ಮಾತ್ರ. ಕುಟುಂಬಕ್ಕೇ ಬಿಟ್ಟರೆ ಕುಟುಂಬ ಯಾರನ್ನು ಆರಿಸುತ್ತದೆ, ಯಾರನ್ನು ಬಿಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆ ತೆರೆದದ್ದು ಮನೆ ಮುಚ್ಚಿದ್ದ ಬಾಗಿಲನ್ನು ತೆರೆಯಲಿಕ್ಕೆ. ಮನೆಯಲ್ಲೇ ಕಲಿತು ಮೇಲೆ ಬಂದವರ ಕತೆಯನ್ನೂ ಪೂರ್ತಿ ಕೇಳಬೇಕು. ಕಲ್ಯಾಣಿನ ಮನೆತನವೊಂದರ ಹುಡುಗಿ ಯಮುನಾ, ಒಂಬತ್ತನೆಯ ವಯಸ್ಸಿಗೆ ಅಂಚೆ ಗುಮಾಸ್ತ ಗೋಪಾಲರಾವ್ ಜೋಶಿಯವರನ್ನು ಮದುವೆಯಾಗಿ ಆನಂದಿಬಾಯಿಯಾದಳು. ಹೆಂಡತಿಯನ್ನು ಓದಿಸಲೇಬೇಕೆಂದು ಹಟ ತೊಟ್ಟ ಗಂಡ ಮನೆಯಲ್ಲೇ ಪಾಠ ಹೇಳಿದರು. 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಆಕೆ ವೈದ್ಯಪದವಿ ಪಡೆದರು, ಮರುವರ್ಷ 21 ತುಂಬಿ 22 ಮುಟ್ಟುವ ಮೊದಲೇ ತೀರಿಕೊಂಡರು. ಹತ್ತನೆಯ ವಯಸ್ಸಿನಲ್ಲಿ ಓದಿಗಾಗಿ ಗಂಡನಿಂದ ತಿಂದ ಪೆಟ್ಟನ್ನು ಆಕೆಯೇ ಅವರಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಮನೆಯ ಪಾಠಕ್ಕೆ ಸಾಕ್ಷಿಯಿಲ್ಲ, ತಪಾಸಣೆಯಿಲ್ಲ, ಮಗುವಿಗೆ ಓಡಿಹೋಗಲು ಇನ್ನೊಂದು ಜಾಗವಿಲ್ಲ. ಇದನ್ನು ಮರೆತು ಮನೆಶಾಲೆಯನ್ನು ಹೊಗಳುವವರು ಅರ್ಧ ಚರಿತ್ರೆಯನ್ನು ಹೇಳುತ್ತಿದ್ದಾರೆ.

ಹಾಗೆಂದು ಮನೆಯ ಕೈಯಿಂದ ಎಲ್ಲವನ್ನೂ ಕಿತ್ತು ಶಾಲೆಗೆ ಒಪ್ಪಿಸಬೇಕೆಂಬುದು ಇದಕ್ಕೆ ಉತ್ತರವಲ್ಲ. ಅಕ್ಷರವಿಲ್ಲದ ಮನೆಗೂ ಅಕ್ಷರ ಮುಟ್ಟಿಸುವ, ಆದರೆ ಮನೆಯನ್ನು ಬಿಟ್ಟು ಹೋಗದ ದಾರಿಯನ್ನು ಹುಡುಕಿದ್ದು ಇದೇ ಥಾಣೆ ಜಿಲ್ಲೆ. ತಾರಾಬಾಯಿ ಮೋಡಕ್ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಮಕ್ಕಳ ಶಿಕ್ಷಣದಲ್ಲಿ ಪಳಗಿದವರು. 1945ರಲ್ಲಿ ಅವರು ಅಂದಿನ ಥಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ಆರಂಭಿಸಿದರು, ಅನುತಾಯಿ ವಾಘ್ ಜೊತೆಗೂಡಿದರು. 1957ರಲ್ಲಿ ಕೇಂದ್ರ ಹತ್ತಿರದ ಕೋಸಬಾಡದ ಗುಡ್ಡಕ್ಕೆ ಹೋಯಿತು. 2014ರಿಂದ ಆ ಊರುಗಳು ಪಾಲ್ಘರ್ ಜಿಲ್ಲೆಯಲ್ಲಿವೆ. ವಾರಲಿ ಆದಿವಾಸಿಗಳ ಮಕ್ಕಳು ಶಾಲೆಗೆ ಬರಲಿಲ್ಲ. ಆಗ ಈ ಇಬ್ಬರು ಹೆಂಗಸರು ಮಕ್ಕಳನ್ನೂ ತಾಯಂದಿರನ್ನೂ ದೂರುವ ಬದಲು ಹಾಡಿಯ ಅಂಗಳದಲ್ಲೇ ಬಾಲವಾಡಿ ಹೂಡಿದರು. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು, ಅದಕ್ಕೆ ಕುರಣಶಾಲೆ ಎಂದು ಹೆಸರಾಯಿತು. ಮಾಂಟೆಸರಿಯ ಬೆಲೆಬಾಳುವ ಸಾಮಗ್ರಿಯ ಬದಲು ಬೀಜ, ಎಲೆ, ಕಲ್ಲು, ಕಪ್ಪೆಚಿಪ್ಪು. ಕನ್ನಡನಾಡಿನ ಹಳ್ಳಿಹಳ್ಳಿಯಲ್ಲೂ ಇಂದು ಬಾಯಿಗೆ ಬಂದಿರುವ ‘ಅಂಗನವಾಡಿ’ ಎಂಬ ಮಾತಿನ ಬೇರು ಈ ಅಂಗಳಗಳಲ್ಲಿದೆ. ಕೇಂದ್ರ ಸರಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಆ ಹೆಸರು ದೇಶವೆಲ್ಲ ಹರಡಿತು. ಡೊಂಬಿವಲಿಯ ಓದಿದ ಮಧ್ಯಮವರ್ಗದ ಮನೆಗೂ ಕೋಸಬಾಡದ ಅಂಗಳಕ್ಕೂ ಅಂತರ ದೊಡ್ಡದು, ನಿಜ. ಆದರೆ ಮಗು ಇರುವಲ್ಲಿಗೆ ಪಾಠ ಹೋಗಬೇಕು, ಮಗುವಿನ ಕೈಗೆ ಸಿಗುವ ವಸ್ತುವಿನಿಂದ ಹೊರಡಬೇಕು ಎಂಬ ಅವರ ಶೋಧ ಇಬ್ಬರಿಗೂ ಸಲ್ಲುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಡಬ್ಬಿಯಲ್ಲಿ ತರಿಸುವ ಪಠ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಹೊರೆಯದು. ಮಹಾರಾಷ್ಟ್ರದ 2020ರ ಕಾನೂನಿನಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಇಂಗ್ಲಿಷ್ ಹೇಗೂ ಇದೆ, ಅದರ ಮೇಲೆ ಕನ್ನಡವನ್ನೂ ಎಳೆಯ ಮಗುವಿನ ತಲೆಗೆ ಹೇರಬೇಕೇ? 2025ರ ಏಪ್ರಿಲ್ 16ರಂದು ರಾಜ್ಯ ಸರಕಾರ ಒಂದನೇ ಇಯತ್ತೆಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸುವ ಆದೇಶ ಹೊರಡಿಸಿದಾಗ ಮರಾಠಿ ಸಮಾಜ ಇದೇ ಮಾತಿನಿಂದ ಎದ್ದುನಿಂತಿತು. ಜೂನ್ 29ರಂದು ಆದೇಶ ಹಿಂದಕ್ಕೆ ಹೋಯಿತು, ನರೇಂದ್ರ ಜಾಧವ್ ಅವರ ಸಮಿತಿ ನೇಮಕವಾಯಿತು. ಆರು ವರ್ಷದ ಮಗುವಿಗೆ ಭಾಷೆಯ ಮೇಲೆ ಭಾಷೆ ಹೇರಬಾರದೆಂಬ ಆ ಮಾತು ಸರಿಯಾದದ್ದು. ಆದರೆ ಅದು ಮನೆಮಾತಿಗೆ ತಗಲುವುದಿಲ್ಲ. ಅಜ್ಜಿ ಫೋನಿನಲ್ಲಿ ಆಡುವ, ಅಮ್ಮ ಊಟಕ್ಕೆ ಕರೆಯುವ ಭಾಷೆ ಮಗುವಿಗೆ ನಾಲ್ಕನೆಯ ವಿಷಯವಲ್ಲ, ಉಳಿದ ವಿಷಯಗಳು ನಿಲ್ಲುವ ನೆಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಇದ್ದರೆ ಆ ಜಾಗ ಅದಕ್ಕೇ ಸಲ್ಲಬೇಕು, ಕನ್ನಡ ಅದರ ಹಿಂದೆ ಬರಲಿ. ಭಾರವಾಗುವುದು ಲಿಪಿ, ಮಾತಲ್ಲ. ಆದ್ದರಿಂದ ಮೊದಲ ಆರು ತಿಂಗಳು ಕನ್ನಡದ ಪಾಠವೆಲ್ಲ ಕಿವಿ ಮತ್ತು ಬಾಯಿಯದ್ದೇ ಇದ್ದರೂ ನಷ್ಟವಿಲ್ಲ. ಶಾಲೆಯ ಅಕ್ಷರ ಕೈಗೆ ಹತ್ತಿದ ಮೇಲೆ ಕನ್ನಡದ ಅಕ್ಷರ ಬರಲಿ.

ಮನೆಮಾತು ಹೊರೆಯಲ್ಲ, ಆಸರೆ ಎಂಬುದಕ್ಕೆ ಗಣಿತದಿಂದಲೇ ಒಂದು ಸಾಕ್ಷಿ ಸಿಗುತ್ತದೆ. 2019ರಲ್ಲಿ ಬಾಲಭಾರತಿಯ ಎರಡನೇ ಇಯತ್ತೆಯ ಮರಾಠಿ ಗಣಿತ ಪುಸ್ತಕ ಸಂಖ್ಯೆಗಳ ಹೆಸರನ್ನು ಬಿಡಿಸಿ ಹೇಳುವ ಹೊಸ ಕ್ರಮ ತಂದಾಗ ರಾಜ್ಯದಲ್ಲೆಲ್ಲ ಚರ್ಚೆ ಎದ್ದಿತು. ಮರಾಠಿಯಲ್ಲಿ 25ಕ್ಕೆ ‘ಪಂಚವೀಸ್’ ಎನ್ನುತ್ತಾರೆ. ಬಾಯಿ ಐದನ್ನು ಮೊದಲು ಹೇಳುತ್ತದೆ, ಕೈ ಎರಡನ್ನು ಮೊದಲು ಬರೆಯುತ್ತದೆ. ಎಳೆಯ ಮಗು ಇಲ್ಲಿ ತಡವರಿಸುತ್ತದೆಂದು ‘ವೀಸ್ ಪಾಚ್’ ಎಂಬ ಕ್ರಮವನ್ನು ಸೂಚಿಸಿದ್ದರು. ಬಾಯಿಗೆ ಬಂದ ಹೆಸರುಗಳನ್ನು ಬದಲಿಸಬಾರದೆಂದು ಹಲವರು ವಿರೋಧಿಸಿದರು. ಆ ಜಗಳದಲ್ಲಿ ಯಾರು ಸರಿ ಎಂದು ಹೇಳುವುದು ಮರಾಠಿಯವರ ಕೆಲಸ. ಕನ್ನಡದ ಮಗುವಿಗಂತೂ ಆ ಕ್ರಮ ಹುಟ್ಟಿನಿಂದ ಬಂದದ್ದು: ಇಪ್ಪತ್ತು, ಐದು, ಇಪ್ಪತ್ತೈದು. ಹತ್ತರ ಸ್ಥಾನ, ಬಿಡಿಯ ಸ್ಥಾನ ಎರಡೂ ಹೆಸರಿನಲ್ಲೇ ಸಾಲಾಗಿ ನಿಂತಿವೆ. ಡೊಂಬಿವಲಿಯ ಮರಾಠಿ ಶಾಲೆಯ ಒಂದನೇ ಇಯತ್ತೆಯ ಮಗು ಮನೆಯಲ್ಲಿ ಕನ್ನಡದಲ್ಲಿ ಎಣಿಸಿದರೆ ಅದಕ್ಕೆ ಗೊಂದಲವಾಗುವುದಿಲ್ಲ, ಶಾಲೆಯ ಲೆಕ್ಕ ಒಳಗಿನಿಂದ ಕಾಣುತ್ತದೆ.

ಹಾಗಾದರೆ ಯಾವ ಪುಸ್ತಕ? ಇಲ್ಲಿ ಮಹಾರಾಷ್ಟ್ರದ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ಬಳಸುವವರು ಕಡಿಮೆ. 1967ರ ಜನವರಿ 27ರಂದು ಪುಣೆಯಲ್ಲಿ ಹುಟ್ಟಿದ ರಾಜ್ಯದ ಪಠ್ಯಪುಸ್ತಕ ಮಂಡಳಿ, ಅಂದರೆ ಬಾಲಭಾರತಿ, ಕನ್ನಡದಲ್ಲೂ ಒಂದನೇ ಇಯತ್ತೆಯಿಂದ ಪುಸ್ತಕ ಅಚ್ಚುಹಾಕುತ್ತದೆ. ಗಡಿಭಾಗದ ಕನ್ನಡ ಶಾಲೆಗಳು ಅದನ್ನೇ ಓದುತ್ತವೆ. ಅತ್ತ ಕರ್ನಾಟಕದಲ್ಲಿ ನಲಿಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿಬಂದು ಆರಂಭಿಸಿದ ಈ ಕ್ರಮದಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅಕ್ಷರಗಳೂ ಅ, ಆ, ಇ, ಈ ಎಂಬ ಹಳೆಯ ಸಾಲಿನಲ್ಲಿ ಬರುವುದಿಲ್ಲ. ಬರೆಯಲು ಹಗುರವಾದ ರ, ಗ, ಸ, ದ, ಅ ಮೊದಲು ಬರುತ್ತವೆ, ಅಷ್ಟರಲ್ಲೇ ‘ಅರಸ’, ‘ಸರ’, ‘ಗರಗಸ’, ‘ದರ’ ಓದಲು ಬರುತ್ತದೆ. ವರ್ಣಮಾಲೆಯ 49 ಅಕ್ಷರವನ್ನೂ ಕಾಗುಣಿತವನ್ನೂ ಮುಗಿಸಿದ ಮೇಲೆ ಮೊದಲ ಪದ ಓದಿಸುವ ಪಂತೋಜಿಯ ಕ್ರಮಕ್ಕೆ ವರ್ಷಗಳ ಸಮಯವಿತ್ತು. ಶಾಲೆಯಿಂದ ದಣಿದು ಬಂದ ಮಗುವಿನೊಂದಿಗೆ, ಲೋಕಲ್ ಇಳಿದು ದಣಿದು ಬಂದ ತಂದೆ ಅಥವಾ ತಾಯಿಗೆ ಸಿಗುವುದು ದಿನಕ್ಕೆ ಕಾಲು ಗಂಟೆ. ಕಾಲು ಗಂಟೆಯ ಪಾಠಕ್ಕೆ ನಲಿಕಲಿಯ ಅಕ್ಷರಸಾಲು, ಬಾಲಭಾರತಿಯ ಪುಸ್ತಕ, ಅಡುಗೆಮನೆಯ ಕಡಲೆಕಾಳು ಸಾಕು. ಸಮಯವೇ ಇಲ್ಲವೆಂಬ ಮಾತಿಗೂ ಇದೇ ನನ್ನ ಉತ್ತರ. ಪದ್ಯ ಬೇಕೆಂದವರಿಗೆ ಕರಾವಳಿಯ ಶಾಲೆಗಳನ್ನು ಬಲ್ಲ, ಮಕ್ಕಳಿಗಾಗಿಯೇ ಬರೆದ ಪಂಜೆ ಮಂಗೇಶರಾಯರಿದ್ದಾರೆ. ಕ್ಯಾಂಪ್‌ಬೆಲ್ ಟೀಕಿಸಿದ ಗಿಳಿಪಾಠವನ್ನು ಬಿಡಿಸಲು ಅವರ ಹಾಡುಗಳಿಗಿಂತ ಮೇಲಾದದ್ದು ಕನ್ನಡದಲ್ಲಿ ಕಡಿಮೆ, ಏಕೆಂದರೆ ಅವು ಮಗುವಿಗೆ ಕೂಡಲೇ ಅರ್ಥವಾಗುತ್ತವೆ.

ಶಾಲೆಯನ್ನೇ ಬಿಡಿಸುವ ಯೋಚನೆಯಲ್ಲಿರುವವರಿಗೆ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಹತ್ತನೆಯ ಕಲಮು 6ರಿಂದ 14ರವರೆಗಿನ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಸೇರಿಸದಿದ್ದರೆ ಪೋಷಕರಿಗೆ ದಂಡನೆಯನ್ನು ಅದು ಹೇಳುವುದಿಲ್ಲ, ಮನೆಶಾಲೆಯನ್ನು ಹೆಸರಿಸುವುದೂ ಇಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲ ಶಿಕ್ಷಣದಲ್ಲಿ ಮೂರನೆಯ, ಐದನೆಯ, ಎಂಟನೆಯ ತರಗತಿಗೆ ಸಮನಾದ ಹಂತಗಳಿವೆ. ಈ ದಾರಿಯಲ್ಲಿ ನಡೆಯುವವರನ್ನು ನಾನು ತಪ್ಪೆನ್ನಲಾರೆ. ಆದರೆ ಆನಂದಿಬಾಯಿಯ ಪೆಟ್ಟನ್ನೂ ಬಳ್ಳಾರಿಯ ಆ 60ರ ಸಂಖ್ಯೆಯನ್ನೂ ನೆನೆದಾಗ, ಬೇರೆ ಬೇರೆ ಜಾತಿ ಭಾಷೆಯ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂರುವುದನ್ನು ಎಳೆಯ ಮಗುವಿಗೆ ತಪ್ಪಿಸಬಾರದೆಂದೇ ನನ್ನ ತೀರ್ಮಾನ. ಮರಾಠಿ ಗೆಳೆಯರೊಡನೆ ಮರಾಠಿ ಆಡಿ ಬೆಳೆಯುವುದು ಥಾಣೆಯ ಕನ್ನಡ ಮಗುವಿನ ಹಕ್ಕು ಕೂಡ. ಶಾಲೆ ಇರಲಿ, ಅದರ ಜೊತೆಗೆ ಮನೆಯ ಇಯತ್ತೆಯೂ ಇರಲಿ.

ಅದನ್ನು ಒಂಟಿಯಾಗಿ ನಡೆಸುವುದು ಕಷ್ಟ. ಬಳ್ಳಾರಿಯ ಮನೆಯ ಹಿಂದೆ ಪಂತೋಜಿ ಇದ್ದರು, ಹೋಟೆಲಿನ ಹುಡುಗನ ಹಿಂದೆ ಮಂಡಳಿ ಇತ್ತು, ವಾರಲಿ ಮಗುವಿನ ಹಿಂದೆ ತಾರಾಬಾಯಿ, ಅನುತಾಯಿ ಇದ್ದರು. ಥಾಣೆಯಿಂದ ಪನವೇಲಿನವರೆಗೆ ಇಂದು ಕನ್ನಡ ಸಂಘಗಳಿಗೆ, ಜಾತಿಸಂಘಗಳಿಗೆ, ಭಜನಾ ಮಂಡಳಿಗಳಿಗೆ ಕೊರತೆಯಿಲ್ಲ. ಯಕ್ಷಗಾನ, ತಾಳಮದ್ದಳೆ, ಸನ್ಮಾನಗಳು ಅಲ್ಲಿ ವರ್ಷವಿಡೀ ನಡೆಯುತ್ತವೆ. ಆ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ: ನಿಮ್ಮ ಕಚೇರಿಯ ಒಂದು ಕಪಾಟಿನಲ್ಲಿ ಒಂದನೇ ಇಯತ್ತೆಯ ಕನ್ನಡ ಪುಸ್ತಕದ 50 ಪ್ರತಿ ಇಡಿ, ತಿಂಗಳಿಗೊಂದು ಭಾನುವಾರ ಬೆಳಗ್ಗೆ ಎರಡು ಗಂಟೆ ಸಭಾಗೃಹದ ಬಾಗಿಲು ತೆರೆದು, ನಿವೃತ್ತ ಕನ್ನಡ ಶಿಕ್ಷಕರೊಬ್ಬರನ್ನು ಕೂರಿಸಿ, ಕಲಿಸಬೇಕೆಂದಿರುವ ತಂದೆತಾಯಿಯರನ್ನು ಕರೆಯಿರಿ. ಮಹಾರಾಷ್ಟ್ರದಲ್ಲಿ ಹೊಸ ಶಾಲಾವರ್ಷ ಜೂನ್ ನಡುವಿಗೆ ಆರಂಭವಾಗುತ್ತದೆ, ಅಷ್ಟರೊಳಗೆ ಇದನ್ನು ಮಾಡಿ.